ಬಲಗಡೆ ಆಪರೇಷನ್, ಎಡಗಡೆ ದಾರಿ ತಪ್ಪಿದ ನಾಳ: ಒಂದು ಅರಿವಳಿಕೆ ಪ್ರಕರಣ

ರೋಗಿ 42 ವರ್ಷದ ಮಹಿಳೆ. ಎತ್ತರ 154 ಸೆಂ.ಮೀ., ತೂಕ 46 ಕಿಲೋ. ಹಿಂದೆ ಶ್ವಾಸಕೋಶದ ಟಿಬಿ ಬಂದಿತ್ತು. ಮಾತ್ರೆಗಳ ಕೋರ್ಸ್ ಪೂರ್ತಿ ಮುಗಿಸಿದ್ದಾರೆ, ಕಫದಲ್ಲಿ ಈಗ ರೋಗಾಣು ಇಲ್ಲ. ಆದರೆ ಬಲ ಶ್ವಾಸಕೋಶದ ಮಧ್ಯದ ಹಾಲೆ ಮತ್ತು ಕೆಳಗಿನ ಹಾಲೆ ಹಾಳಾಗಿವೆ. ಅಲ್ಲಿನ ಗಾಳಿಕೊಳವೆಗಳು ಹಿಗ್ಗಿ ಕೀವು ಕಟ್ಟಿಕೊಂಡಿವೆ. ಕೆಮ್ಮಿದಾಗ ರಕ್ತ ಬೀಳುತ್ತದೆ. ಒಮ್ಮೆ ಜಾಸ್ತಿ ರಕ್ತ ಬಿದ್ದಾಗ ಬ್ರಾಂಕಿಯಲ್ ಆರ್ಟರಿ ಎಂಬೊಲೈಸೇಶನ್ (ರಕ್ತ ಸುರಿಸುವ ನಾಳವನ್ನು ಒಳಗಿನಿಂದಲೇ ಮುಚ್ಚುವುದು) ಮಾಡಿ ನಿಲ್ಲಿಸಿದರು. ಅದರ ಪರಿಣಾಮ ಬಹಳ ಸಲ ತಾತ್ಕಾಲಿಕ. ಕಾಯಿಲೆ ಬಿದ್ದ ಭಾಗ ಅಲ್ಲೇ ಇರುತ್ತದಲ್ಲ, ಹೊಸ ನಾಳಗಳು ಬೆಳೆದು ಮತ್ತೆ ರಕ್ತ ಬೀಳುತ್ತದೆ. ಹಾಗಾಗಿ ಆ ಎರಡು ಹಾಲೆಗಳನ್ನು ತೆಗೆಯಬೇಕು. ಮೇಲಿನ ಹಾಲೆಯೂ ಬಿಡಿಸಲಾಗದಷ್ಟು ಅಂಟಿಕೊಂಡಿದ್ದರೆ ಇಡೀ ಬಲ ಶ್ವಾಸಕೋಶವನ್ನೇ ತೆಗೆಯುವುದು. ಇದು ಸರ್ಜನ್‌ರ ಯೋಜನೆ.

ನಮ್ಮ ದೇಶದಲ್ಲಿ ಟಿಬಿ ಬಿಟ್ಟುಹೋದ ಹಾನಿಗೆ ಇಂಥ ಆಪರೇಷನ್ ಮಾಡುವುದು ಹೊಸದೇನಲ್ಲ. ಇಲ್ಲಿ ಬೇರೆಯಾದದ್ದು ಸಿಟಿ ಸ್ಕ್ಯಾನಿನಲ್ಲಿ ಎಡಗಡೆ, ಅಂದರೆ ಯಾರೂ ಕೈ ಹಾಕದ ಕಡೆ, ಕಂಡ ಒಂದು ರಕ್ತನಾಳ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಇದು ಒಬ್ಬ ನಿರ್ದಿಷ್ಟ ರೋಗಿಯ ಕಡತವಲ್ಲ. ಅರಿವಳಿಕೆ ಕಲಿಯುವವರಿಗಾಗಿ ನಾನು ಜೋಡಿಸಿದ ಬೋಧನಾ ಪ್ರಕರಣ. ರೋಗಿಯ ಅಂಕಿಗಳು ಪಾಠಕ್ಕೆ ಆರಿಸಿಕೊಂಡವು. ಅವುಗಳ ಹಿಂದಿನ ಶರೀರಕ್ರಿಯೆ ಮತ್ತು ಲೆಕ್ಕ ಮಾತ್ರ ಇಂಥ ಯಾವ ರೋಗಿಗೂ ಅನ್ವಯಿಸುತ್ತದೆ.

ನಾಳ ಎಲ್ಲಿಗೆ ಹೋಗುತ್ತಿದೆ

ಶ್ವಾಸಕೋಶದಲ್ಲಿ ಆಮ್ಲಜನಕ ತುಂಬಿಕೊಂಡ ರಕ್ತ ಪಲ್ಮನರಿ ವೇನ್‌ಗಳ ಮೂಲಕ ಎಡ ಹೃತ್ಕರ್ಣಕ್ಕೆ ಬರಬೇಕು. ಈ ರೋಗಿಯಲ್ಲಿ ಎಡ ಮೇಲಿನ ಹಾಲೆಯ ವೇನ್ ಹಾಗೆ ಬರುತ್ತಿಲ್ಲ. ಮಹಾಧಮನಿಯ ಕಮಾನಿನ ಪಕ್ಕದಲ್ಲಿ ನೇರ ಮೇಲಕ್ಕೆ ಹತ್ತಿ, ಎಡ ತೋಳು ಮತ್ತು ಕುತ್ತಿಗೆಯ ರಕ್ತ ತರುವ ಎಡ ಬ್ರೇಕಿಯೊಸೆಫಾಲಿಕ್ ವೇನ್ ಸೇರುತ್ತದೆ. ಅಲ್ಲಿಂದ ಎಸ್‌ವಿಸಿ (ಮೈಯ ಮೇಲ್ಭಾಗದ ರಕ್ತವನ್ನು ಹೃದಯಕ್ಕೆ ತರುವ ದೊಡ್ಡ ವೇನ್), ಅಲ್ಲಿಂದ ಬಲ ಹೃತ್ಕರ್ಣ. ಬಾವಿಯಿಂದ ಎತ್ತಿದ ನೀರಲ್ಲಿ ಒಂದು ಪಾಲು ಗದ್ದೆಗೆ ಹೋಗದೆ ಮತ್ತೆ ಬಾವಿಗೇ ಬಿದ್ದ ಹಾಗೆ. ಬಲ ಹೃತ್ಕುಕ್ಷಿ ಒಂದೇ ರಕ್ತವನ್ನು ಸುಮ್ನೆ ಮತ್ತೆ ಮತ್ತೆ ಪಂಪ್ ಮಾಡುತ್ತಿರುತ್ತದೆ.

ಇದು ಹುಟ್ಟಿನಿಂದಲೇ ಬಂದದ್ದು. ಭ್ರೂಣದಲ್ಲಿ ಶ್ವಾಸಕೋಶದ ಮೊಗ್ಗಿನ ರಕ್ತ ಮೊದಮೊದಲು ದೇಹದ ಕಾರ್ಡಿನಲ್ ವೇನ್‌ಗಳಿಗೇ ಹರಿಯುತ್ತದೆ. ಆಮೇಲೆ ಎಡ ಹೃತ್ಕರ್ಣದಿಂದ ಹೊಸ ನಾಳವೊಂದು ಬೆಳೆದು ಬಂದು ಸೇರಿಕೊಳ್ಳುತ್ತದೆ, ಹಳೆಯ ಸಂಪರ್ಕ ಮುಚ್ಚಿಹೋಗುತ್ತದೆ. ಒಂದು ಹಾಲೆಯಲ್ಲಿ ಹಳೆಯ ಸಂಪರ್ಕ ಹಾಗೇ ಉಳಿದರೆ ಈ ಸ್ಥಿತಿ. ಶವಪರೀಕ್ಷೆಯ ಹಳೆಯ ಅಧ್ಯಯನಗಳಲ್ಲಿ ಶೇ. 0.4ರಿಂದ 0.7ರಷ್ಟು ಜನರಲ್ಲಿ ಕಂಡಿದೆ. ಮಕ್ಕಳಲ್ಲಿ ಗೊತ್ತಾಗುವುದು ಹೆಚ್ಚಾಗಿ ಬಲ ಮೇಲಿನ ಹಾಲೆಯದು, ಜೊತೆಗೆ ಹೃತ್ಕರ್ಣಗಳ ನಡುವೆ ರಂಧ್ರವೂ ಇರುತ್ತದೆ. ದೊಡ್ಡವರಲ್ಲಿ ಬೇರೆ ಕಾರಣಕ್ಕೆ ಸಿಟಿ ಮಾಡಿಸಿದಾಗ ಆಕಸ್ಮಿಕವಾಗಿ ಕಾಣುವುದು ಹೆಚ್ಚಾಗಿ ಎಡ ಮೇಲಿನ ಹಾಲೆಯದು. ಒಂದೇ ಹಾಲೆ ಆದರೆ ಎಷ್ಟೋ ಜನಕ್ಕೆ ಜೀವಮಾನವಿಡೀ ಏನೂ ತೊಂದರೆ ಆಗುವುದಿಲ್ಲ.

ಸಿಟಿಯಲ್ಲಿ ಇದನ್ನು ಬೇರೊಂದರ ಜೊತೆ ಗೊಂದಲ ಮಾಡಿಕೊಳ್ಳಬಹುದು. ಎಡಗಡೆ ಉಳಿದುಕೊಂಡ ಎಸ್‌ವಿಸಿಯೂ ಮಹಾಧಮನಿಯ ಪಕ್ಕದಲ್ಲಿ ಇದೇ ಥರ ಕಾಣುತ್ತದೆ. ಬಿಡಿಸಿ ನೋಡಲು ಒಂದು ಸುಲಭ ದಾರಿ ಇದೆ. ಎಡ ಮುಖ್ಯ ಬ್ರಾಂಕಸ್‌ನ ಮುಂದೆ ಎಷ್ಟು ನಾಳ ಇವೆ ಅಂತ ಎಣಿಸಬೇಕು. ಮಾಮೂಲಿಗೆ ಒಂದು ಇರುತ್ತದೆ, ಅದೇ ಎಡ ಮೇಲಿನ ಪಲ್ಮನರಿ ವೇನ್. ಎಡ ಎಸ್‌ವಿಸಿ ಇದ್ದರೆ ಎರಡು. ಮೇಲಿನ ಹಾಲೆಯ ವೇನ್ ದಾರಿ ತಪ್ಪಿದ್ದರೆ ಅಲ್ಲಿ ಒಂದೂ ಇರುವುದಿಲ್ಲ. ಅರಿವಳಿಕೆಯವರು ಸಿಟಿಯ ವರದಿ ಮಾತ್ರ ಓದದೆ ಚಿತ್ರಗಳನ್ನೂ ತೆರೆದು ನೋಡಬೇಕು ಅನ್ನುವುದು ಇದಕ್ಕೇ. ಸ್ಕ್ಯಾನ್ ಮಾಡಿಸಿದ್ದು ಹಾಳಾದ ಬಲಗಡೆಗೆ. ವರದಿ ಬರೆಯುವವರ ಕಣ್ಣೂ ಅಲ್ಲೇ ಇರುತ್ತದೆ, ಅಲ್ವಾ?

ಎರಡು ಲೆಕ್ಕ, ಎರಡು ಉತ್ತರ

ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಈ ಭಾಗ. ಔಷಧಿಯ ಡೋಸುಗಳಿಗಿಂತಲೂ ಮುಖ್ಯ.

ಮೊದಲು ಮಾಮೂಲಿ ಲೆಕ್ಕ. ರೋಗಿಯ ಎಫ್‌ಇವಿ1 (ಜೋರಾಗಿ ಊದಿದಾಗ ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿ) 1.5 ಲೀಟರ್, ಅಂದರೆ ಇರಬೇಕಾದ್ದರ ಸುಮಾರು ಶೇ. 68. ಪರ್ಫ್ಯೂಷನ್ ಸ್ಕ್ಯಾನಿನಲ್ಲಿ ಶ್ವಾಸಕೋಶಕ್ಕೆ ಹೋಗುವ ರಕ್ತದ ಹಂಚಿಕೆ ಹೀಗಿದೆ: ಬಲಗಡೆ ಒಟ್ಟು ಶೇ. 20. ಅದರಲ್ಲಿ ಮೇಲಿನ ಹಾಲೆಗೆ 14, ಹಾಳಾದ ಎರಡು ಹಾಲೆಗಳಿಗೆ ಸೇರಿ 6. ಎಡಗಡೆ ಶೇ. 80. ಅದರಲ್ಲಿ ಮೇಲಿನ ಹಾಲೆಗೆ 38, ಕೆಳಗಿನದಕ್ಕೆ 42. ಎರಡು ಹಾಲೆ ತೆಗೆದರೆ ಎಫ್‌ಇವಿ1 1.4 ಲೀಟರಿನಷ್ಟು ಉಳಿಯುತ್ತದೆ. ಇಡೀ ಬಲ ಶ್ವಾಸಕೋಶ ತೆಗೆದರೂ 1.2 ಲೀಟರ್, ಅಂದರೆ ಸುಮಾರು ಶೇ. 54. ಶೇ. 40ರ ಮೇಲೆ ಉಳಿಯುವುದಾದರೆ ಮುಂದುವರಿಯಬಹುದು ಅನ್ನುವುದು ಬಹುಕಾಲದಿಂದ ಬಳಕೆಯಲ್ಲಿರುವ ಗೆರೆ. ಆ ಪ್ರಕಾರ ಪೂರ್ತಿ ಶ್ವಾಸಕೋಶ ತೆಗೆದರೂ ತೊಂದರೆ ಇಲ್ಲ ಅಂತಲೇ ಕಾಣುತ್ತದೆ.

ಈಗ ನಾಳದ ಲೆಕ್ಕ. ಶ್ವಾಸಕೋಶದ ಒಟ್ಟು ಹರಿವಿನಲ್ಲಿ ದಾರಿ ತಪ್ಪಿದ ಪಾಲು ಎಷ್ಟು ಅಂತ ಗೊತ್ತಾದರೆ, ಶ್ವಾಸಕೋಶದ ಹರಿವು ದೇಹದ ಹರಿವಿನ ಎಷ್ಟು ಪಟ್ಟು ಅಂತ ಹೇಳಬಹುದು. 1ರಿಂದ ಆ ಪಾಲನ್ನು ಕಳೆದು, ಉಳಿದದ್ದರಿಂದ 1ನ್ನು ಭಾಗಿಸಿದರೆ ಸಾಕು. ಆರೋಗ್ಯವಾಗಿರುವವರಲ್ಲಿ ಎಡ ಮೇಲಿನ ಹಾಲೆಗೆ ಹೋಗುವುದು ಸುಮಾರು ಕಾಲು ಪಾಲು ಅಂತಿಟ್ಟುಕೊಳ್ಳಿ. ಅನುಪಾತ 1.33. ಹೃದಯ ಇದನ್ನು ವರ್ಷಗಟ್ಟಲೆ ಸಹಿಸುತ್ತದೆ.

ಆದರೆ ಈ ರೋಗಿಯಲ್ಲಿ ಬಲಗಡೆ ಹಾಳಾದಂತೆಲ್ಲ ರಕ್ತ ಎಡಕ್ಕೆ ಸರಿದಿದೆ. ದಾರಿ ತಪ್ಪಿದ ಪಾಲು ಈಗಾಗಲೇ ಶೇ. 38. ಅನುಪಾತ 1.6. ಹಾಳಾದ ಎರಡು ಹಾಲೆ ಮಾತ್ರ ತೆಗೆದರೆ ಪಾಲು ಸುಮಾರು ಶೇ. 40 ಆಗಿ ಅನುಪಾತ 1.7ರ ಹತ್ತಿರ ಬರುತ್ತದೆ. ಹೆಚ್ಚೇನೂ ಬದಲಾಗಲಿಲ್ಲ. ಇಡೀ ಬಲ ಶ್ವಾಸಕೋಶ ತೆಗೆದರೆ ಪಾಲು ಶೇ. 47.5, ಅನುಪಾತ 1.9. ದೇಹಕ್ಕೆ ನಿಮಿಷಕ್ಕೆ 5 ಲೀಟರ್ ರಕ್ತ ಬೇಕಾದರೆ ಬಲ ಹೃತ್ಕುಕ್ಷಿ ಒಂಬತ್ತೂವರೆ ಲೀಟರ್ ತಳ್ಳಬೇಕು. ಅದೂ ಒಂದೇ ಶ್ವಾಸಕೋಶದ ನಾಳಗಳೊಳಗೆ, ಬಲ ಮೇಲಿನ ಹಾಲೆಯ ಆಸರೆಯೂ ಇಲ್ಲದೆ.

ಎಫ್‌ಇವಿ1ರ ಲೆಕ್ಕ ಸರಿ ಅಂದದ್ದನ್ನು ನಾಳದ ಲೆಕ್ಕ ಬೇಡ ಅನ್ನುತ್ತಿದೆ. ಇಂಥ ನಾಳ ಇರುವುದು ಗೊತ್ತಾಗದೆ ಎದುರುಗಡೆಯ ಶ್ವಾಸಕೋಶ ತೆಗೆದು, ಬಲ ಹೃದಯ ಸೋತು ರೋಗಿ ತೀರಿಕೊಂಡ ವರದಿಗಳು ವೈದ್ಯಕೀಯ ಸಾಹಿತ್ಯದಲ್ಲಿವೆ. ಅದಕ್ಕೇ ಇಂಥ ನಾಳ ಕಂಡ ಕೂಡಲೇ ಕೇಳಬೇಕಾದ ಮೊದಲ ಪ್ರಶ್ನೆ: ಅದು ತೆಗೆಯುವ ಹಾಲೆಯದೋ, ಉಳಿಯುವ ಹಾಲೆಯದೋ? ತೆಗೆಯುವ ಹಾಲೆಯದಾದರೆ ಆಪರೇಷನ್ನೇ ದೋಷವನ್ನೂ ಸರಿಪಡಿಸುತ್ತದೆ. ನಾಳ ಮಾಮೂಲಿ ಜಾಗದಲ್ಲಿ ಸಿಗುವುದಿಲ್ಲ ಅನ್ನುವ ಎಚ್ಚರ ಸರ್ಜನ್‌ಗೆ ಇದ್ದರೆ ಸಾಕು. ಉಳಿಯುವ ಹಾಲೆಯದಾದರೆ ಹೊರೆ ಹೆಚ್ಚುತ್ತದೆ.

ಹೃದಯದ ತಪಾಸಣೆಯೂ ಇದಕ್ಕೆ ಹೊಂದಿಕೆಯಾಯಿತು. ಎಕೋದಲ್ಲಿ ಬಲ ಹೃತ್ಕುಕ್ಷಿ ಸ್ವಲ್ಪ ಹಿಗ್ಗಿದೆ, ಆದರೆ ಚೆನ್ನಾಗಿ ಕುಗ್ಗುತ್ತಿದೆ. ಹೃತ್ಕರ್ಣಗಳ ನಡುವೆ ರಂಧ್ರ ಇಲ್ಲ, ವೇನ್‌ಗೆ ಸಣ್ಣ ಗುಳ್ಳೆಗಳನ್ನು ಬಿಟ್ಟು ನೋಡುವ ಬಬಲ್ ಪರೀಕ್ಷೆಯಲ್ಲೂ ಏನೂ ದಾಟಲಿಲ್ಲ. ಕ್ಯಾಥ್ ಲ್ಯಾಬಿನಲ್ಲಿ ಪಲ್ಮನರಿ ಆರ್ಟರಿಯ ಸರಾಸರಿ ಒತ್ತಡ 22 ಮಿ.ಮೀ., ನಾಳಗಳ ತಡೆ 2 ವುಡ್ ಯೂನಿಟ್‌ಗಿಂತ ಕಡಿಮೆ. ಒತ್ತಡ ಏರಿರುವುದು ನಾಳ ಗಟ್ಟಿಯಾಗಿ ಅಲ್ಲ, ಹರಿವು ಜಾಸ್ತಿಯಾಗಿ. ಇಲ್ಲಿ ಒಂದು ಸೂಕ್ಷ್ಮ ಇದೆ. ಆಮ್ಲಜನಕ ತುಂಬಿದ ರಕ್ತ ಬ್ರೇಕಿಯೊಸೆಫಾಲಿಕ್ ವೇನ್‌ನಲ್ಲೇ ಬೆರೆತುಬಿಡುವುದರಿಂದ ಅನುಪಾತ ಲೆಕ್ಕ ಹಾಕಲು ಎಸ್‌ವಿಸಿಯ ರಕ್ತದ ಮಾದರಿ ನಂಬುವಂತಿಲ್ಲ. ಅದಕ್ಕಿಂತ ಮೇಲಿನ, ಕುತ್ತಿಗೆಯ ಬಲ ಜುಗುಲರ್ ವೇನ್‌ನಿಂದ ಮಾದರಿ ತೆಗೆಯಬೇಕು. ಇಲ್ಲದಿದ್ದರೆ ಅನುಪಾತ ಇರುವುದಕ್ಕಿಂತ ಕಡಿಮೆ ಕಾಣುತ್ತದೆ.

ಹಾಗಾದರೆ ಮೊದಲು ನಾಳವನ್ನೇ ಸರಿಪಡಿಸಬಾರದೇ? ಅನುಪಾತ ಒಂದೂವರೆ ದಾಟಿದೆ, ಹೃತ್ಕುಕ್ಷಿ ಹಿಗ್ಗಿದೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಆ ರಿಪೇರಿಗೆ ರಕ್ತ ಹೆಪ್ಪುಗಟ್ಟದಂತೆ ಮಾಡುವ ಹೆಪಾರಿನ್ ಬೇಕು, ಪ್ರಾಯಶಃ ಹೃದಯ-ಶ್ವಾಸಕೋಶ ಯಂತ್ರವೂ ಬೇಕು. ಕೀವು ತುಂಬಿ ರಕ್ತ ಸುರಿಸುತ್ತಿರುವ ಶ್ವಾಸಕೋಶ ಒಳಗಿರುವಾಗ ಹೆಪಾರಿನ್ ಕೊಡುವುದು ದೊಡ್ಡ ಅಪಾಯ. ತೀರ್ಮಾನ ಹೀಗಾಯಿತು: ಮೊದಲು ಎರಡು ಹಾಲೆ ತೆಗೆಯುವುದು. ಬಲ ಮೇಲಿನ ಹಾಲೆಯನ್ನು ಹೇಗಾದರೂ ಉಳಿಸಿಕೊಳ್ಳುವುದು. ನಾಳದ ವಿಷಯ ಆಮೇಲೆ.

ಮನೆಯವರಿಗೆ ಇದನ್ನು ಹೇಳುವುದು ಸುಲಭವಲ್ಲ. "ಕೆಟ್ಟಿದ್ದನ್ನೆಲ್ಲ ಒಂದೇ ಸಲ ತೆಗೆದುಬಿಡಿ ಡಾಕ್ಟ್ರೇ, ಮತ್ತೆ ಮತ್ತೆ ಬರೋಕಾಗಲ್ಲ" ಅನ್ನುತ್ತಾರೆ. ಬಲಗಡೆ ಮೇಲಿನ ಭಾಗ ಪೂರ್ತಿ ಚೆನ್ನಾಗಿಲ್ಲದಿದ್ದರೂ ಹೃದಯಕ್ಕೆ ಅದು ಬೇಕು ಅಂತ ಚಿತ್ರ ಬರೆದು ತೋರಿಸಬೇಕಾಗುತ್ತದೆ. ಆ ಹೊತ್ತು ಕೊಡಲೇಬೇಕು.

ಟೇಬಲ್ ಮೇಲೆ

ರೋಗಿ ಎಚ್ಚರ ಇರುವಾಗಲೇ ಎದೆಮಟ್ಟದ ಎಪಿಡ್ಯೂರಲ್ (ಬೆನ್ನಿನಿಂದ ನೋವಿನ ಔಷಧಿ ಕೊಡುವ ಸಣ್ಣ ಕೊಳವೆ) ಹಾಕಲಾಯಿತು, 5 ಮತ್ತು 6ನೇ ಎದೆ ಕಶೇರುಕಗಳ ನಡುವೆ. ಔಷಧಿ ನಿಧಾನವಾಗಿ, ತೆಳುವಾಗಿ. ಬಿಪಿ ಒಮ್ಮೆಲೇ ಬಿದ್ದರೆ ಬಲ ಹೃತ್ಕುಕ್ಷಿಗೆ ರಕ್ತ ಸಾಲುವುದಿಲ್ಲ, ಅದು ಮೊದಲೇ ದುಡಿದು ದಣಿದಿದೆ. ಕ್ಷಣಕ್ಷಣದ ಬಿಪಿ ತಿಳಿಯಲು ಕೈಯಲ್ಲಿ ಆರ್ಟೀರಿಯಲ್ ಲೈನ್.

ಹೃದಯದ ಹತ್ತಿರದ ದೊಡ್ಡ ವೇನ್‌ವರೆಗೆ ಹೋಗುವ ಸೆಂಟ್ರಲ್ ಲೈನ್ ಬಲ ಕುತ್ತಿಗೆಯಲ್ಲಿ. ಆಪರೇಷನ್ ಬಲಗಡೆಯೇ ಆದ್ದರಿಂದ ಮಾಮೂಲಿಗೂ ಬಲವನ್ನೇ ಆರಿಸುತ್ತೇವೆ. ಇಲ್ಲಿ ಇನ್ನೂ ಒಂದು ಕಾರಣ ಇತ್ತು. ಎಡ ಕುತ್ತಿಗೆಯಿಂದ ಹಾಕಿದರೆ ಕ್ಯಾಥೆಟರ್ ದಾರಿ ತಪ್ಪಿದ ನಾಳದೊಳಗೆ ಇಳಿಯಬಹುದು. ಆಗ ಎಳೆದ ರಕ್ತ ಕೆಂಪಗೆ ಹೊಳೆಯುತ್ತದೆ, ಬ್ಲಡ್ ಗ್ಯಾಸ್‌ನಲ್ಲಿ ಆಮ್ಲಜನಕ ಅಪಧಮನಿಯಷ್ಟೇ ಇರುತ್ತದೆ. ನೋಡಿದವರು ಆರ್ಟರಿಗೆ ಚುಚ್ಚಿದೆವು ಅಂತ ಗಾಬರಿ ಬೀಳುತ್ತಾರೆ. ಬಿಡಿಸಿ ಹೇಳುವುದು ಒತ್ತಡದ ಅಲೆ: ಬಣ್ಣ ಆರ್ಟರಿಯದು, ಅಲೆ ಮಾತ್ರ ವೇನ್‌ನದು. ಕೆಲವು ರೋಗಿಗಳಲ್ಲಿ ಈ ದೋಷ ಮೊದಲು ಗೊತ್ತಾಗುವುದೇ ಹೀಗೆ.

ಪಲ್ಮನರಿ ಆರ್ಟರಿ ಕ್ಯಾಥೆಟರ್ ಹಾಕಿ ತುದಿಯನ್ನು ಮುಖ್ಯ ಆರ್ಟರಿಯಲ್ಲೇ ನಿಲ್ಲಿಸಲಾಯಿತು. ಅದರಿಂದ ಬೇಕಾದದ್ದು ಒತ್ತಡ ಮಾತ್ರ. ಅದು ತೋರಿಸುವ ಕಾರ್ಡಿಯಾಕ್ ಔಟ್‌ಪುಟ್ ನಿಜವಾಗಿ ಶ್ವಾಸಕೋಶದ ಹರಿವು. ಪರದೆ 8 ಲೀಟರ್ ಅಂದಾಗ ದೇಹಕ್ಕೆ ಸಿಗುತ್ತಿರುವುದು 5. ಮಿಕ್ಸೆಡ್ ವೀನಸ್ ಆಮ್ಲಜನಕವೂ (ದೇಹ ಬಳಸಿ ಮರಳಿದ ರಕ್ತದಲ್ಲಿ ಉಳಿದದ್ದು) ಅದೇ ಕಾರಣಕ್ಕೆ ಸುಳ್ಳು ಸುಳ್ಳೇ ಜಾಸ್ತಿ ಬರುತ್ತದೆ. ದೇಹಕ್ಕೆ ಸಾಕಷ್ಟು ರಕ್ತ ಹೋಗುತ್ತಿದೆಯೇ ಅಂತ ತಿಳಿಯಲು ಲ್ಯಾಕ್ಟೇಟ್ (ಆಮ್ಲಜನಕ ಸಾಲದಾಗ ರಕ್ತದಲ್ಲಿ ಏರುವ ಪದಾರ್ಥ), ಮೂತ್ರ, ಬಿಪಿ, ಮತ್ತು ಅನ್ನನಾಳದ ಎಕೋ. ಈ ಪ್ರಕರಣದಲ್ಲಿ ಒಂದೇ ಒಂದು ಉಪಕರಣ ಕೇಳಿ ಅಂದರೆ ನಾನು ಕೇಳುವುದು ಆ ಎಕೋವನ್ನೇ.

ನೋವಿಗೆ ಫೆಂಟನಿಲ್, ನಿದ್ದೆಗೆ ಎಟೊಮಿಡೇಟ್, ಸ್ನಾಯು ಸಡಿಲಿಸಲು ರೊಕುರೋನಿಯಂ ಕೊಟ್ಟು 35 ಸೈಜಿನ ಎಡಗಡೆಯ ಡಬಲ್ ಲ್ಯೂಮೆನ್ ಟ್ಯೂಬ್ (ಎರಡು ಶ್ವಾಸಕೋಶಕ್ಕೆ ಬೇರೆ ಬೇರೆ ದಾರಿ ಇರುವ ಉಸಿರಿನ ಕೊಳವೆ) ಹಾಕಿ, ಬ್ರಾಂಕೋಸ್ಕೋಪ್‌ನಿಂದ ಜಾಗ ಖಚಿತ ಮಾಡಿಕೊಳ್ಳಲಾಯಿತು. ಈ ಟ್ಯೂಬಿಗೆ ಇಲ್ಲಿ ಇಬ್ಬಗೆಯ ಕೆಲಸ. ಬಲ ಶ್ವಾಸಕೋಶವನ್ನು ಕುಗ್ಗಿಸುವುದು ಒಂದು. ಅಲ್ಲಿನ ಕೀವು, ರಕ್ತ ಎಡಕ್ಕೆ ಹರಿಯದಂತೆ ತಡೆಯುವುದು ಇನ್ನೊಂದು. ಮಗ್ಗುಲು ತಿರುಗಿಸಿದ ಮೇಲೆ ಜಾಗ ಮತ್ತೆ ನೋಡಲೇಬೇಕು.

ಎಡಮಗ್ಗುಲಾಗಿ ಮಲಗಿಸಿ ಎಡ ಶ್ವಾಸಕೋಶಕ್ಕೆ ಮಾತ್ರ ಗಾಳಿ ಕೊಡಲು ಶುರು ಮಾಡಿದಾಗ ಏನಾಗುತ್ತದೆ ನೋಡಿ. ಗುರುತ್ವದಿಂದ ರಕ್ತ ಕೆಳಗಿರುವ ಎಡಕ್ಕೆ ಇಳಿಯುತ್ತದೆ. ಗಾಳಿ ಇಲ್ಲದ ಬಲಗಡೆಯ ನಾಳಗಳು ತಾವಾಗಿ ಕುಗ್ಗುತ್ತವೆ, ಅಲ್ಲಿನ ಹರಿವು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಆ ರಕ್ತವೂ ಎಡಕ್ಕೇ. ದಾರಿ ತಪ್ಪಿದ ಪಾಲು ಶೇ. 43ರ ಹತ್ತಿರ, ಅನುಪಾತ 1.75ರ ಆಸುಪಾಸು. ಇಡೀ ಬಲ ಶ್ವಾಸಕೋಶ ತೆಗೆದರೆ ಬರುವ ಸ್ಥಿತಿಯ ಅರ್ಧ ದಾರಿ ಅರಿವಳಿಕೆಯೇ ತಂದಿಟ್ಟಂತಾಯಿತು. ಒಂದೇ ಶ್ವಾಸಕೋಶದ ಉಸಿರಾಟ ಇಂಥವರಲ್ಲಿ ಮುಂದಿನದರ ಪೂರ್ವಪರೀಕ್ಷೆ ಅಂತ ನಾನು ಹೇಳುವುದು ಇದಕ್ಕೇ. ಆ ಹೊತ್ತಿನಲ್ಲಿ ಬಲ ಹೃತ್ಕುಕ್ಷಿಯನ್ನು ನೋಡದೆ ಬಿಟ್ಟರೆ ಒಳ್ಳೆಯ ಸಾಕ್ಷಿ ಕೈತಪ್ಪುತ್ತದೆ.

ಆಕ್ಸಿಮೀಟರ್ ಇಲ್ಲಿ ಎಚ್ಚರಿಸುವುದಿಲ್ಲ. ಈ ರೋಗಿಯಲ್ಲಿ ಸ್ಯಾಚುರೇಷನ್ 96ರಲ್ಲೇ ನಿಂತಿತ್ತು. ಹಾಳಾದ ಬಲಗಡೆಗೆ ಮೊದಲೇ ರಕ್ತ ಕಡಿಮೆ. ದಾರಿ ತಪ್ಪಿ ಬಲ ಹೃತ್ಕರ್ಣಕ್ಕೆ ಬರುವುದೂ ಆಮ್ಲಜನಕ ತುಂಬಿದ ರಕ್ತವೇ. ಹಾಗಾಗಿ ಅಪಧಮನಿಯ ಆಮ್ಲಜನಕ ಬೀಳುವುದಿಲ್ಲ, ಬೀಳುವುದು ಹೃದಯದ ಶಕ್ತಿ. ಸ್ಯಾಚುರೇಷನ್ ನೋಡಿ ಎಲ್ಲ ಸರಿ ಅಂದುಕೊಂಡವರಿಗೆ ಬಲ ಹೃದಯ ಸೋತದ್ದು ತಡವಾಗಿ ಗೊತ್ತಾಗುತ್ತದೆ.

ಇನ್ನೊಂದು ತಪ್ಪು ಕಲ್ಪನೆಯನ್ನೂ ಇಲ್ಲೇ ತೆಗೆಯಬೇಕು. ಹೃದಯದ ರಂಧ್ರ ಇರುವವರಲ್ಲಿ ಆಮ್ಲಜನಕ ಜಾಸ್ತಿ ಕೊಟ್ಟರೆ ಶ್ವಾಸಕೋಶದ ತಡೆ ಇಳಿದು ಷಂಟ್ (ದಾರಿ ತಪ್ಪಿ ಹರಿಯುವ ರಕ್ತ) ಹೆಚ್ಚುತ್ತದೆ ಅಂತ ಓದಿರುತ್ತೇವೆ. ಅದೇ ಭಯದಿಂದ ಇಲ್ಲೂ ಆಮ್ಲಜನಕ ಕಡಿಮೆ ಮಾಡುವವರಿದ್ದಾರೆ. ಬೇಡ. ಇಲ್ಲಿ ಷಂಟ್‌ನ ಪಾಲನ್ನು ಮುಖ್ಯವಾಗಿ ನಿರ್ಧರಿಸುವುದು ಯಾವ ಹಾಲೆಗೆ ಎಷ್ಟು ರಕ್ತ ಅನ್ನುವುದು. ಗಾಳಿ ಪಡೆಯುತ್ತಿರುವ ಎಡ ಶ್ವಾಸಕೋಶದ ಎರಡೂ ಹಾಲೆಗಳ ನಾಳ ಒಟ್ಟಿಗೆ ಸಡಿಲವಾದರೆ ಅವುಗಳ ನಡುವಿನ ಹಂಚಿಕೆ ಅಷ್ಟಾಗಿ ಬದಲಾಗುವುದಿಲ್ಲ, ಬಲ ಹೃತ್ಕುಕ್ಷಿಯ ಹೊರೆ ಮಾತ್ರ ಇಳಿಯುತ್ತದೆ.

ಗಾಳಿಯ ಪ್ರಮಾಣ ಪ್ರತಿ ಉಸಿರಿಗೆ 240 ಮಿ.ಲೀ., ಈ ಎತ್ತರಕ್ಕೆ ಕಿಲೋಗೆ ಸುಮಾರು 5 ಮಿ.ಲೀ. ಪೀಪ್ (ಉಸಿರು ಬಿಟ್ಟ ಮೇಲೂ ಶ್ವಾಸಕೋಶದಲ್ಲಿ ಉಳಿಸುವ ಒತ್ತಡ) 5. ಅದಕ್ಕಿಂತ ಏರಿಸಿದರೆ ಉಬ್ಬಿದ ಗಾಳಿಚೀಲಗಳು ಎಡಗಡೆಯ ನಾಳಗಳನ್ನು ಅದುಮುತ್ತವೆ. ಈಗ ಬಹುಪಾಲು ರಕ್ತಕ್ಕೆ ಇರುವ ದಾರಿ ಅದೇ. ಕಾರ್ಬನ್ ಡೈಆಕ್ಸೈಡ್ ಸ್ವಲ್ಪ ಏರಿದರೂ ಪರವಾಗಿಲ್ಲ ಅನ್ನುವ ಮಾಮೂಲಿ ಔದಾರ್ಯ ಇಲ್ಲಿ ಬೇಡ, 45ರ ಒಳಗೇ ಇರಲಿ. ಮೈ ಬೆಚ್ಚಗಿರಬೇಕು. ಬಿಪಿ ಕಾಯಲು ನಾರ್‌ಅಡ್ರಿನಲಿನ್ ಸಣ್ಣ ಡೋಸಿನಲ್ಲಿ ಮೊದಲಿನಿಂದಲೇ. ಬಿಪಿ ಏರಿಸುವ ವಾಸೊಪ್ರೆಸಿನ್, ಹೃದಯಕ್ಕೆ ಬಲ ಕೊಡುವ ಮಿಲ್ರಿನೋನ್, ಶ್ವಾಸಕೋಶದ ನಾಳ ಸಡಿಲಿಸುವ 20 ಪಿಪಿಎಂ ನೈಟ್ರಿಕ್ ಆಕ್ಸೈಡ್ ಕೈಗೆಟಕುವಂತೆ.

ಐದು ನಿಮಿಷದ ಕ್ಲ್ಯಾಂಪ್

ಟಿಬಿ ಬಂದುಹೋದ ಎದೆಯೊಳಗೆ ಅಂಟು ಬಿಡಿಸುವುದೇ ದೊಡ್ಡ ಕೆಲಸ. ಎದೆಗೋಡೆಯಿಂದ ಜಿನುಗುವ ರಕ್ತವೇ 900 ಮಿ.ಲೀ. ಆಯಿತು. ಎರಡು ಯೂನಿಟ್ ರಕ್ತ ಕೊಡಬೇಕಾಯಿತು. ಮೇಲಿನ ಹಾಲೆಯೂ ಬಿಗಿಯಾಗಿ ಅಂಟಿತ್ತು. ಇಂಥ ಹೊತ್ತಿನಲ್ಲಿ ಪೂರ್ತಿ ತೆಗೆಯುವುದು ಕಡಿಮೆ ಸಮಯದ, ಕಡಿಮೆ ರಕ್ತಸ್ರಾವದ ದಾರಿಯಾಗಿ ಕಾಣುವುದು ಸಹಜ. ಸರ್ಜನ್ ಕೇಳಿದ್ದೂ ಅದನ್ನೇ.

ಉತ್ತರ ಹೇಳಲು ಒಂದು ನೇರ ಪರೀಕ್ಷೆ ಇದೆ. ಬಲ ಮುಖ್ಯ ಪಲ್ಮನರಿ ಆರ್ಟರಿಗೆ ತಾತ್ಕಾಲಿಕವಾಗಿ ಕ್ಲ್ಯಾಂಪ್ ಹಾಕಿ ನೋಡುವುದು. ಕ್ಯಾಥ್ ಲ್ಯಾಬಿನಲ್ಲಿ ಬಲೂನ್ ಉಬ್ಬಿಸಿ ಮೊದಲೇ ಮಾಡುವ ದಾರಿಯೂ ಉಂಟು. ಇಲ್ಲಿ ಟೇಬಲ್ ಮೇಲೆಯೇ ಮಾಡಲಾಯಿತು. ಕ್ಲ್ಯಾಂಪ್ ಹಾಕುವ ಮೊದಲು ಪಲ್ಮನರಿ ಸರಾಸರಿ ಒತ್ತಡ 25, ಸಿವಿಪಿ (ಹೃದಯಕ್ಕೆ ಮರಳುವ ವೇನ್‌ನ ಒತ್ತಡ) 9, ಸರಾಸರಿ ಬಿಪಿ 76. ಐದು ನಿಮಿಷದಲ್ಲಿ ಒತ್ತಡ 36ಕ್ಕೆ ಏರಿತು, ಸಿವಿಪಿ 15 ಆಯಿತು, ಬಿಪಿ 60ಕ್ಕೆ ಇಳಿಯಿತು. ಎಕೋದಲ್ಲಿ ಬಲ ಹೃತ್ಕುಕ್ಷಿ ಉಬ್ಬಿ, ನಡುಗೋಡೆ ಎಡಕ್ಕೆ ಚಪ್ಪಟೆಯಾಯಿತು. ಎಡ ಹೃತ್ಕುಕ್ಷಿ ಸಣ್ಣದಾಗಿ, ಅರೆ ತುಂಬಿದಂತೆ ಕಂಡಿತು. ಸ್ಯಾಚುರೇಷನ್ ಆಗಲೂ 95.

ಕ್ಲ್ಯಾಂಪ್ ತೆಗೆದ ಮೇಲೆ ಎಲ್ಲವೂ ಮೊದಲಿನಂತಾಯಿತು. ಸರ್ಜನ್, ಅರಿವಳಿಕೆಯವರು ಇಬ್ಬರೂ ಪರದೆ ನೋಡಿ ಆಗಿತ್ತು, ಹೆಚ್ಚು ಮಾತು ಬೇಕಾಗಲಿಲ್ಲ. ಮೇಲಿನ ಹಾಲೆಯನ್ನು ಉಳಿಸಿಕೊಳ್ಳಲು ಇನ್ನೂ ಒಂದೂವರೆ ಗಂಟೆ ಹಿಡಿಯಿತು. ಹಾಳಾದ ಎರಡು ಹಾಲೆ ಹೊರಬಂದವು. ಉಳಿದ ಹಾಲೆಯನ್ನು ಮೆಲ್ಲಗೆ ಉಬ್ಬಿಸಿ ಎರಡೂ ಕಡೆ ಗಾಳಿ ಕೊಟ್ಟಾಗ ಪಲ್ಮನರಿ ಒತ್ತಡ 24.

ಆಮೇಲಿನ ದಿನಗಳು

ಟೇಬಲ್ ಮೇಲೆಯೇ ಟ್ಯೂಬ್ ತೆಗೆಯಲಾಯಿತು. ಎಪಿಡ್ಯೂರಲ್‌ನಿಂದ ನೋವು ಹತೋಟಿಯಲ್ಲಿದ್ದುದರಿಂದ ಚೆನ್ನಾಗಿ ಕೆಮ್ಮಿದರು. ಡ್ರಿಪ್ ಕೈ ಬಿಗಿಹಿಡಿದು ಕೊಡಲಾಯಿತು.

ಎರಡನೇ ದಿನ ಏಟ್ರಿಯಲ್ ಫಿಬ್ರಿಲೇಷನ್ (ಹೃತ್ಕರ್ಣ ಲಯ ತಪ್ಪಿ ಕಂಪಿಸುವುದು) ಬಂತು. ಶ್ವಾಸಕೋಶದ ಆಪರೇಷನ್ ಆದ ಎರಡು-ಮೂರನೇ ದಿನ ಇದು ಯಾರಿಗಾದರೂ ಬರಬಹುದು. ವರ್ಷಗಟ್ಟಲೆ ಹೆಚ್ಚುವರಿ ರಕ್ತ ಹೊತ್ತು ಹಿಗ್ಗಿದ ಬಲ ಹೃತ್ಕರ್ಣ ಇರುವವರಲ್ಲಿ ಅಂತೂ ಕಾಯುತ್ತಲೇ ಇರಬೇಕು. ಪೊಟ್ಯಾಸಿಯಂ 4ರ ಮೇಲೆ ತಂದು, ಮೆಗ್ನೀಸಿಯಂ ಮತ್ತು ಸ್ವಲ್ಪ ಮೆಟೊಪ್ರೊಲಾಲ್ ಕೊಟ್ಟ ಮೇಲೆ ಅದೇ ರಾತ್ರಿ ಲಯ ಸರಿಹೋಯಿತು. ಸರಿಹೋಗದಿದ್ದರೆ, ಬಿಪಿ ಕುಸಿದಿದ್ದರೆ, ಶಾಕ್ ಕೊಡಲು ತಡ ಮಾಡುವಂತಿರಲಿಲ್ಲ.

ಡಿಸ್ಚಾರ್ಜ್ ಕಾಗದದಲ್ಲಿ ಆಪರೇಷನ್ನಿನ ವಿವರದಷ್ಟೇ ಸ್ಪಷ್ಟವಾಗಿ ಎರಡು ಸಾಲು ಬರೆಯಬೇಕು. ಎಡ ಮೇಲಿನ ಪಲ್ಮನರಿ ವೇನ್ ಎಡ ಬ್ರೇಕಿಯೊಸೆಫಾಲಿಕ್ ವೇನ್‌ಗೆ ಸೇರುತ್ತದೆ. ಎಡ ಕುತ್ತಿಗೆ ಅಥವಾ ಎಡ ಸಬ್‌ಕ್ಲೇವಿಯನ್‌ನಿಂದ ಸೆಂಟ್ರಲ್ ಲೈನ್ ಹಾಕಬೇಡಿ. ಮುಂದೆ ಬೇರೆ ಯಾವುದೋ ಊರಿನಲ್ಲಿ, ಬೇರೆ ಯಾವುದೋ ತುರ್ತಿಗೆ ಈ ರೋಗಿಯನ್ನು ನೋಡುವವರಿಗೆ ಅದು ಬೇಕಾಗುತ್ತದೆ.

ಮೂರು ತಿಂಗಳಿಗೆ ಎಕೋ ಮತ್ತು ಕ್ಯಾಥ್ ಮತ್ತೆ ಮಾಡಿಸಿ, ಹೃತ್ಕುಕ್ಷಿ ಇನ್ನೂ ಹಿಗ್ಗುತ್ತಿದ್ದರೆ ನಾಳವನ್ನು ಕತ್ತರಿಸಿ ಎಡ ಹೃತ್ಕರ್ಣದ ಅಪೆಂಡೇಜ್‌ಗೆ (ಅದರ ಸಣ್ಣ ಚೀಲದಂಥ ಭಾಗ) ಹೊಲಿಯುವ ಆಪರೇಷನ್ ಬಗ್ಗೆ ತೀರ್ಮಾನಿಸಬೇಕು. ಆ ದಿನದ ಅರಿವಳಿಕೆ ಇದಕ್ಕಿಂತ ಕಷ್ಟದ್ದು. ಎಡ ಎದೆ ತೆರೆದು ಎಡ ಶ್ವಾಸಕೋಶ ಕುಗ್ಗಿಸಿದರೆ ಉಳಿಯುವುದು ಬಲಗಡೆಯ ಒಂದೇ ಹಾಲೆ, ಮಾಮೂಲಿಗೆ ಅದಕ್ಕೆ ಬರುವ ರಕ್ತ ಶೇ. 15ರಷ್ಟು. ಅಷ್ಟರಿಂದ ದೇಹ ನಡೆಯುವುದಿಲ್ಲ. ಹಾಗಾಗಿ ಎದೆಯ ನಡುಮೂಳೆ ಸೀಳಿ, ಎರಡೂ ಕಡೆ ಗಾಳಿ ಕೊಡುತ್ತಲೇ ಮಾಡುವುದೋ, ಯಂತ್ರದ ಆಸರೆಯಲ್ಲಿ ಮಾಡುವುದೋ ಅಂತ ಸರ್ಜನ್, ಹೃದ್ರೋಗ ತಜ್ಞರು, ಹೃದಯ-ಶ್ವಾಸಕೋಶ ಯಂತ್ರ ನಡೆಸುವ ಪರ್ಫ್ಯೂಷನಿಸ್ಟ್, ಅರಿವಳಿಕೆಯವರು ಒಟ್ಟಿಗೆ ಕೂತು ಮೊದಲೇ ನಿರ್ಧರಿಸಬೇಕು.